ತಲೆಗೆ ಹತ್ತು ನಿಮಿಷ

ಅಬುಧಾಬಿ. ಟೂರಿಸ್ಟ್ ಕ್ಲಬ್ಬಿನ ಹಿಂದಿನ ಗಲ್ಲಿ, ಮೂರನೇ ಮಾಳಿಗೆ.
ಒಂದು ಫ್ಲ್ಯಾಟು, ಎರಡು ಸಂಸಾರ, ಒಂದೇ ಲೈನು.
ಅಡುಗೆಮನೆಯಲ್ಲೊಂದು ರಿಸೀವರು, ನನ್ನ ಕೋಣೆಯಲ್ಲೊಂದು.
ಬಿಲ್ಲಿನಲ್ಲಿ ಲವೀನಾಬಾಯಿಗೆ ಅರ್ಧ, ನನಗರ್ಧ
ಎಂದು ಮಾತಾದದ್ದು ಕಂಪ್ಯೂಟರ್ ಬರುವ ಮೊದಲು.

ರಾತ್ರಿ ಒಂಬತ್ತು ಕಳೆದ ಮೇಲೆ
ಫೋನಿನ ವಯರು ಕಿತ್ತು ಮೋಡೆಮ್ಮಿಗೆ ಚುಚ್ಚುತ್ತೇನೆ.
ಮೊದಲು ಗುಂಯ್ ಎನ್ನುವ ಬರಿಯ ಲೈನು,
ಆಮೇಲೆ ಅಂಕೆಗಳ ಟಕಟಕ,
ಆಮೇಲೆ ಶುರು:
ಕೀಂಯ್ ಎಂದು ಒಂದು, ಖರ್‍ರ್ ಎಂದು ಇನ್ನೊಂದು,
ಕಾದ ಬಾಣಲೆಗೆ ಒದ್ದೆ ಮೀನು ಬಿದ್ದ ಹಾಗೆ.
"ಯಾರ ಕುತ್ತಿಗೆ ಹಿಚುಕುತ್ತೀ ಮಾರಾಯ್ತಿ?"
ಗೋಡೆಯಾಚೆಯಿಂದ ಲವೀನಾಬಾಯಿ.

ಊರಿನ ಪೇಪರು ಇನ್ನು ಪರದೆಯಲ್ಲೇ ಬರುತ್ತದೆ
ಎಂದಿದ್ದ ಕಂಪ್ಯೂಟರ್ ಮಾರಿದ ಹುಡುಗ.
ಬಂತು. ಕನ್ನಡ ಬರಲಿಲ್ಲ.
ಕೊಂಬು ಮೂಡಿದ ಎ, ಬಾಲ ಜೋತ ಸಿ,
ತಲೆಕೆಳಗಾಗಿ ನೇತಾಡುವ ಪ್ರಶ್ನಾರ್ಥಕ.
"ಅಕ್ಷರ ಬೇರೆಯೇ ಇಳಿಸಿಕೊಳ್ಳಬೇಕು ಅಕ್ಕಾ."
ಒಂದನೇ ಕ್ಲಾಸಿನಲ್ಲಿ ಮರಳ ಮೇಲೆ
ಬೆರಳು ಸವೆಯುವಷ್ಟು ತಿದ್ದಿದ ಕಾಗುಣಿತ
ಈಗ ತಂತಿಯೊಳಗಿಂದ ಹನಿ ಹನಿ:
ನೂರಕ್ಕೆ ಹನ್ನೆರಡು. ಮೂವತ್ತು. ಮೂವತ್ತೊಂದು.
ಏಸಿಯ ನೀರು ಬಕೆಟ್ಟಿಗೆ ಬೀಳುವುದೇ ಇದಕ್ಕಿಂತ ಬೇಗ.

ಜಯಕರ ಆಗ ಸಮುದ್ರದ ನಡುವೆ, ರಿಗ್ಗಿನ ಮೇಲೆ;
ಇಪ್ಪತ್ತೆಂಟು ದಿನ ಅಲ್ಲಿ, ಹದಿನಾಲ್ಕು ಇಲ್ಲಿ.
ಗುರುವಾರ ರಾತ್ರಿ ರೇಡಿಯೋ ರೂಮಿನ ಹೊರಗೆ ಸಾಲು,
ತಲೆಗೆ ಹತ್ತು ನಿಮಿಷ.

ಗುರುವಾರವೆಂದು ನನಗೆ ಗೊತ್ತಿತ್ತು.
ಅರುವತ್ತೆಂಟಾಗಿತ್ತು.
ಅರುವತ್ತೆಂಟನ್ನು ಯಾರು ಬಿಡುತ್ತಾರೆ?
ಎಪ್ಪತ್ತಕ್ಕೆ ಅಡುಗೆಮನೆಯ ರಿಸೀವರ್ ಎತ್ತಿದರು ಲವೀನಾಬಾಯಿ,
ಎಲ್ಲ ಸೊನ್ನೆ.
ಮುಂದಿನ ಗುರುವಾರ ಎಂಬತ್ತನಾಲ್ಕು.
ಅದರ ಮುಂದಿನದು ಹೇಳುವುದು ಬೇಡ.

ಬಂದ. ಮೈಯೆಲ್ಲ ಡೀಸೆಲ್ಲು, ಕಣ್ಣ ಸುತ್ತ ಉಪ್ಪು.
ಮೊದಲ ದಿನ ಏನೂ ಕೇಳಲಿಲ್ಲ, ನಿದ್ದೆ ಮಾಡಿದ.
ಎರಡನೇ ದಿನ, ಶೇರಿ ಮೀನಿನ ಮುಳ್ಳು ಬಿಡಿಸುತ್ತ,
ತಟ್ಟೆಗೇ ಹೇಳುವವನಂತೆ ಹೇಳಿದ:
"ನಿನ್ನವಳು ಯಾರೊಟ್ಟಿಗೆ ಇಷ್ಟು ಮಾತು ಅಂತ
ಕ್ರೇನಿನವನು ನಗಾಡಿದ.
ಮೂರು ವಾರವೂ ಎಂಗೇಜು. ಹತ್ತು ನಿಮಿಷ ಪೂರ್ತಿ
ಅದನ್ನೇ ಕೇಳಿದೆ, ನನ್ನ ಪಾಲಿನದಲ್ಲವಾ.
ಮೊದಲ ವಾರ ಸಿಟ್ಟು ಬಂತು.
ಎರಡನೇ ವಾರ ಏನೇನೋ ಬಂತು.
ಆಮೇಲೆ ಅನಿಸಿತು, ಎಂಗೇಜ್ ಅಂದರೆ
ಮನೆಯಲ್ಲಿ ಜನ ಉಂಟು ಅಂತ ಲೆಕ್ಕ."

ನಾನು ಮಾತಾಡಲಿಲ್ಲ. ಕೈ ತೊಳೆಸಿ,
ಕುರ್ಚಿ ಎಳೆದು ಕೂರಿಸಿ, "ಇವನೊಟ್ಟಿಗೆ" ಎಂದೆ.
ವಯರು ಚುಚ್ಚಿದೆ. ಕೀಂಯ್. ಖರ್‍ರ್.
ಪಂಪಿನ ಹೊಟ್ಟೆಗೆ ಕಿವಿಯಿಡುವವನ ಹಾಗೆ
ಬಗ್ಗಿ ಕೇಳಿದ, ಕಣ್ಣು ಮುಚ್ಚಿ.

"ಇದು ಗೊತ್ತುಂಟು ನನಗೆ," ಅಂದ.
"ಶುಕ್ರವಾರ ಬಸ್‌ಸ್ಟ್ಯಾಂಡಿನಲ್ಲಿ ಊರಕಡೆಯವರಿಬ್ಬರು
ಎದುರಾದರೆ ಹೀಗೇ. ಕೇಳು:
ಯಾವೂರು? ಉಡುಪಿಯಿಂದ ಈಚೆಯಾ, ಆಚೆಯಾ?
ಯಾರ ಮನೆ? ಗುಡ್ಡೆ ಮೇಲಿನವರಾ, ಕೆಳಗಿನವರಾ?
ಅವರ ತಂಗಿಯನ್ನು ಕೊಟ್ಟದ್ದು ಎಲ್ಲಿಗೆ?
ಓ, ಹಾಗಾದರೆ ನೀವು ನಮಗೆ..."

ಅಲ್ಲಿಗೆ ಮೋಡೆಮ್ಮು ಸುಮ್ಮನಾಯಿತು.

"ನೋಡು. ಸಂಬಂಧ ಸಿಕ್ಕಿತು.
ಇನ್ನು ಇಬ್ಬರೂ ಬಾಯಿ ಬಿಡುವುದಿಲ್ಲ."

ಅವತ್ತು ನೂರಾಯಿತು. ಹೇಗೆಂದು ಕೇಳಬೇಡಿ,
ಲವೀನಾಬಾಯಿಗೆ ಅಂದು ಇಗರ್ಜಿಯಲ್ಲಿ ತಡವಾಗಿತ್ತು.
ಎ ತನ್ನ ಕೊಂಬು ಇಳಿಸಿತು, ಸಿ ಬಾಲ ಮಡಚಿತು.
ಮೊದಲು ಕಂಡದ್ದು ಪುಟದ ತಳದ ಸಾಲು.
ಗಟ್ಟಿಯಾಗಿ ಓದಿದೆ:
"ಮಾರಾಟಕ್ಕಿದೆ, ಹಳೆಯ ಹಿಟ್ಟಿನ ಗಿರಣಿ,
ಎರಡು ಕಲ್ಲು ಸಮೇತ, ಕಾಪು ಪೇಟೆ."
ಕಲ್ಲಿನ ಒತ್ತು ಕೊಂಚ ಪಕ್ಕಕ್ಕೆ ಜಾರಿತ್ತು.
"ಇನ್ನೊಮ್ಮೆ ಓದು," ಅಂದ ಜಯಕರ,
ಗಿರಣಿ ಕೊಳ್ಳುವವನ ಹಾಗೆ.

ಓದಿದೆ. ಕೆಳಗೆ ಒಂದೊಂದೇ ಗೆರೆಯಾಗಿ
ಪುಟ ಇನ್ನೂ ಇಳಿಯುತ್ತಿತ್ತು.
"ಸಂಪರ್ಕಿಸಿ" ಎಂದು ಬಂತು.
ನಂಬರು ಬರಬೇಕಿತ್ತು.

ಬಾಗಿಲ ಸದ್ದು. ಅಡುಗೆಮನೆಯ ಲೈಟು.
"ಹಲೋ? ಹಲೋ?
ಯಾರದು ಲೈನಿನಲ್ಲಿ?"